“ಇನ್ನೊಂದ್ಸಲ ತಾಳಿ ಹಿಡ್ಕೊಳ್ಳಿ ಸಾರ್”

ಮೊನ್ನೆ ಒಬ್ಬರು ಫೋನ್ ಮಾಡಿದ್ದರು. ಏಪ್ರಿಲ್ ಕೊನೆಗೆ ಮದುವೆಯಂತೆ. ಅದಕ್ಕೆ ಮುಂಚೆ ಪ್ರೀ ವೆಡ್ಡಿಂಗ್ ಶೂಟ್ ಜೋಗದಲ್ಲೇ ಆಗಬೇಕು, ಹಿಂದೆ ನೀರು ಧೋ ಅಂತ ಬೀಳ್ತಿರಬೇಕು, ಹುಡುಗ ಮಂಡಿಯೂರಿ ಉಂಗುರ ಹಿಡಿಯಬೇಕು. ಸಾರ್, ಏಪ್ರಿಲ್‌ನಲ್ಲಿ ಹೋದರೆ ಬಂಡೆ ಕಾಣತ್ತೆ ಅಂದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ನೀರು ಕರೆಂಟಿಗೆ ಹೋಗುತ್ತದೆ. ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿದರೂ ಬಿಳಿ ದಾರ ಇಳಿಬಿಟ್ಟ ಹಾಗೆ ಇರುತ್ತದೆ. ಜೋಗ ತುಂಬುವುದು ಜುಲೈ, ಆಗಸ್ಟ್ ಹೊತ್ತಿಗೆ. ಆಗ ನೋಡಿದರೆ ಆಷಾಢ, ನಮಗೆ ಕೆಲಸವೇ ಇರಲ್ಲ.

“ಫೋಟೋಶಾಪ್‌ನಲ್ಲಿ ನೀರು ಹಾಕಕ್ಕಾಗಲ್ವಾ?” ಅಂದರು.

ಹಾಕಕ್ಕಾಗತ್ತೆ. ಹಾಕಿದ್ದೀನಿ ಕೂಡ. ಅದಕ್ಕೇ ಇದನ್ನು ಬರೀತಿದ್ದೀನಿ.

ಶಿವಮೊಗ್ಗದಲ್ಲಿ ಮದುವೆ ಫೋಟೋ ತೆಗೆಯುವ ಈ ಕೆಲಸಕ್ಕೆ ಇಳಿದು 14 ವರ್ಷ ಆಯಿತು. ನಮ್ಮ ಕಡೆ ಪ್ರಪೋಸಲ್ ಶೂಟ್ ಅಂದರೆ ಒಂಥರಾ ತಮಾಷೆ. ಜಾತಕ ಕೂಡಿ, ಹುಡುಗಿ ನೋಡುವ ಶಾಸ್ತ್ರ ಆಗಿ, ಉಪ್ಪಿಟ್ಟು ಕೇಸರಿಬಾತ್ ತಿಂದು, ನಿಶ್ಚಿತಾರ್ಥ ಮುಗಿದು, ಚೌಟ್ರಿಗೆ ಅಡ್ವಾನ್ಸ್ ಕೊಟ್ಟು, ಲಗ್ನಪತ್ರಿಕೆ ಪ್ರಿಂಟಿಗೆ ಹೋದ ಮೇಲೆ ಹುಡುಗ ಮಂಡಿಯೂರಿ “ನನ್ನನ್ನು ಮದುವೆ ಆಗ್ತೀಯಾ” ಅಂತ ಕೇಳುವುದು! ಮೊದಮೊದಲು ಸ್ಟುಡಿಯೋದಲ್ಲಿ ಎಡಿಟಿಂಗ್ ಹುಡುಗರ ಜೊತೆ ಕೂತು ನಾನೂ ಆಡಿಕೊಂಡು ನಗುತ್ತಿದ್ದೆ. ಈಗ ನಗಲ್ಲ. ಕವಲೇದುರ್ಗದಲ್ಲಿ ಒಂದು ಸಂಜೆ ಆದದ್ದು ಹೇಳುತ್ತೇನೆ.

ತೀರ್ಥಹಳ್ಳಿ ಕಡೆಯವರಿಗೆ ಗೊತ್ತು, ಕೆಳದಿ ಅರಸರ ಕೋಟೆ ಅದು. ಗದ್ದೆ ಬದಿಯಿಂದ ಶುರುವಾಗಿ ಕಲ್ಲು ಹಾಸಿದ ದಾರಿ, ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಅಕ್ಟೋಬರ್ ಕೊನೆ. ಮಳೆ ಹಿಂದೆ ಸರಿದಿತ್ತು, ಉಂಬಳ (ಜಿಗಣೆ) ಸರಿದಿರಲಿಲ್ಲ. ಹುಡುಗಿ ಹೊಸನಗರದ ಕಡೆಯವಳು, ಹುಡುಗ ದಾವಣಗೆರೆಯವನು. ಕಾವಲಿಗೆ ಅಂತ ಹುಡುಗಿಯ ತಮ್ಮ ಬೇರೆ. ಅರ್ಧ ದಾರಿಗೆ ಹುಡುಗನ ಕಾಲಿಗೆ ಉಂಬಳ ಹತ್ತಿ, ಅವನು ಬಿಳೀ ಪ್ಯಾಂಟು ಎತ್ತಿಕೊಂಡು ಕುಣಿದದ್ದೇ ಕುಣಿದದ್ದು. ಅವಳು ನಗ್ತಾ ಕೂತು ಸುಣ್ಣ ಹಚ್ಚಿ ಬಿಡಿಸಿದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು ಅಂತ ನನ್ನ ಅಂದಾಜು. ಸುಣ್ಣದ ಡಬ್ಬಿ ನಂದೇ. ಮಲೆನಾಡಲ್ಲಿ ಫೋಟೋ ತೆಗೆಯುವವನ ಬ್ಯಾಗಿನಲ್ಲಿ ಬ್ಯಾಟರಿ ಮರೆತರೂ ಸುಣ್ಣ ಮರೆಯಬಾರದು.

ಮೇಲೆ ಹತ್ತಿದೆವು. ಡ್ರೋನ್ ಬೇಕು ಅಂದಿದ್ದರು, ಹಳೇ ಕೋಟೆ, ಅನುಮತಿ ಗಿನುಮತಿ ಅಂತ ಇರತ್ತೆ, ಬೇಡ ಅಂದಿದ್ದೆ. ಸಂಜೆಯ ಹಳದಿ ಬೆಳಕು ನಮಗೆ ಸಿಗುವುದೇ ಇಪ್ಪತ್ತು ನಿಮಿಷ, ಅದಕ್ಕೇ ಅಷ್ಟು ದೂರ ಏದುಸಿರು ಬಿಟ್ಟು ಹೋದದ್ದು. ಹುಡುಗ ಮಂಡಿಯೂರಿದ. ಹೇಳಿಕೊಟ್ಟ ಮಾತು ಹೇಳಿದ. ಹುಡುಗಿ ನಾಚಿಕೊಂಡು ಕೈ ಮುಂದೆ ಮಾಡಬೇಕಿತ್ತು, ಮಾಡಲಿಲ್ಲ.

“ಈಗ ನಾನು ಬೇಡ ಅಂದ್ರೆ?”

ಅವನು ಸ್ವಲ್ಪ ಹೊತ್ತು ನೋಡಿದ. “ಚೌಟ್ರಿ ಅಡ್ವಾನ್ಸ್ ವಾಪಸ್ ಬರಲ್ಲ.”

ಇಬ್ಬರೂ ನಕ್ಕರು. ಆಮೇಲೆ ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಮದುವೆ ಆದ ಮೇಲೂ ಬ್ಯಾಂಕ್ ಪರೀಕ್ಷೆ ಬರೀತೀನಿ, ಪಾಸಾದರೆ ಎಲ್ಲಿಗೆ ಹಾಕಿದರೂ ಹೋಗ್ತೀನಿ, ಇದನ್ನ ನಿಮ್ಮನೇಲಿ ಯಾರಾದರೂ ಹೇಳಿದ್ದಾರಾ ಅಂತ ಕೇಳಿದಳು. ಯಾರೂ ಹೇಳಿರಲಿಲ್ಲ. ಮಾತು ಉದ್ದ ಹೋಯಿತು. ನಾನು ಕ್ಯಾಮೆರಾ ಇಳಿಸಿ, ಅವಳ ತಮ್ಮನನ್ನು ಕೆರೆ ತೋರಿಸ್ತೀನಿ ಬಾ ಮಾರಾಯ ಅಂತ ಆಚೆ ಕರೆದುಕೊಂಡು ಹೋದೆ. ಬೆಳಕು ಹೋಯಿತು. ಆ ದಿನದ ಫೋಟೋಗಳಲ್ಲಿ ಆಲ್ಬಂಗೆ ಹಾಕುವ ಹಾಗಿದ್ದದ್ದು ಆರೋ ಏಳೋ ಅಷ್ಟೇ. ಹುಡುಗನ ಅಪ್ಪ ಪೂರ್ತಿ ದುಡ್ಡು ಕೊಡುವಾಗ ಮುಖ ಹುಳ್ಳಗೆ ಮಾಡಿಕೊಂಡರು, ಅದು ಅವರ ತಪ್ಪಲ್ಲ ಬಿಡಿ.

ಮನೆಯವರು ನೋಡಿ ಮಾಡುವ ಮದುವೆಯಲ್ಲಿ ಹುಡುಗ ಹುಡುಗಿ ಒಂದು ಇಡೀ ದಿನ ಜೊತೆಗಿರಲು ಒಪ್ಪಿಗೆ ಸಿಗುವುದು ಈ ಶೂಟ್‌ಗೆ ಮಾತ್ರ. ಸುಮ್ನೆ ಸುತ್ತಾಡಿಕೊಂಡು ಬರ್ತೀವಿ ಅಂದರೆ ನಮ್ಮ ಊರುಗಳಲ್ಲಿ ಯಾವ ಅಪ್ಪ ಅಮ್ಮ ಹೂಂ ಅಂತಾರೆ ಹೇಳಿ? ಫೋಟೋದವನ ಜೊತೆ ಅಂದರೆ ಸರಿ. ಹಾಗಾಗಿ ಆ ದಿನ ಮಂಡಿಯೂರಿ, ಕೊಡೆ ಹಿಡಿಯಿರಿ, ಸಿನಿಮಾ ಥರ ಓಡಿ, ಎಷ್ಟು ಬೇಕಾದರೂ ನಾಟಕ ಮಾಡಿ, ನಾನೂ ಮಾಡಿಸುತ್ತೇನೆ. ಜೋಗಕ್ಕೆ ನೀರೂ ಹಾಕುತ್ತೇನೆ.

ನನ್ನ ತಕರಾರು ಇರುವುದು ಧಾರೆ ಮಂಟಪದಲ್ಲಿ.

ಇದು ಬೇರೆಯವರ ಮೇಲಿನ ದೂರಲ್ಲ, ಮೊದಲು ಮಾಡಿದವನು ನಾನೇ. ಶುರುವಿನ ಎರಡನೇ ವರ್ಷ ಇರಬೇಕು. ಗಟ್ಟಿಮೇಳ ಅಂದರು, ವಾಲಗ ಜೋರಾಯಿತು, ನೂರಾರು ಜನ ಒಟ್ಟಿಗೆ ಅಕ್ಷತೆ ಎಸೆದರು, ನನ್ನ ಕ್ಯಾಮೆರಾ ಫೋಕಸ್ ಮಾಡಿದ್ದು ಗಾಳಿಯಲ್ಲಿದ್ದ ಅಕ್ಕಿಕಾಳನ್ನು. ಮೂರೂ ಗಂಟು ಮುಗಿಯಿತು. ನನ್ನ ಹತ್ತಿರ ಒಂದು ಫೋಟೋನೂ ಇಲ್ಲ. ಬೆವರು ಕಿತ್ತುಬಂತು. “ಸಾರ್, ಇನ್ನೊಂದ್ಸಲ ತಾಳಿ ಹಿಡ್ಕೊಳ್ಳಿ, ಕಟ್ಟೋ ಥರ” ಅಂದೆ. ಪುರೋಹಿತರು ತಿರುಗಿ ನೋಡಿ “ಏನಪ್ಪಾ, ಒಂದ್ಸಲ ಕಟ್ಟಿದ್ದು ಸಾಲದಾ ನಿಂಗೆ?” ಅಂದರು. ಎಲ್ಲರೂ ನಕ್ಕರು, ಪಾಪ ಮದುಮಗ ಹಿಡಿದ, ಫೋಟೋ ಬಂತು. ಆಲ್ಬಂನಲ್ಲಿ ಎರಡು ಪುಟ ತುಂಬಾ ಅದೇ ಇದೆ. ಗಮನ ಇಟ್ಟು ನೋಡಿದರೆ ತಾಳಿ ಇನ್ನೂ ಕಟ್ಟುತ್ತಿದ್ದಾನೆ, ಆದರೆ ಅಕ್ಷತೆ ಆಗಲೇ ಅವಳ ತಲೆಯಿಂದ ಮಡಿಲಿಗೆ ಬಿದ್ದು ಆಗಿದೆ. ಇಬ್ಬರೂ ನನ್ನ ಲೆನ್ಸ್ ನೋಡುತ್ತಿದ್ದಾರೆ. ಇವತ್ತಿನವರೆಗೂ ಆ ಮನೆಯವರು ಯಾರೂ ಕೇಳಿಲ್ಲ.

ಆವತ್ತು ನಾನು ಹೆದರಿ ಮಾಡಿದ್ದು. ಈಗ ಅದು ರೂಢಿಯಾಗಿ ಹೋಗಿದೆ. ಅಂತರಪಟ ನಿಧಾನ ಇಳಿಸಿ, ಸ್ಲೋ ಮೋಷನ್ ಬೇಕು. ಜೀರಿಗೆ ಬೆಲ್ಲ ತಲೆ ಮೇಲೆ ಇಡುವಾಗ ಈ ಕಡೆ ನೋಡಿ. ಅಮ್ಮ ಅಳ್ತಾ ಇದ್ದಾರೆ, ಅಮ್ಮಾ, ಒಂದೇ ನಿಮಿಷ, ಕೈ ಕೆಳಗಿಳಿಸಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಯಮ್ಮ ಅಳು ನಿಲ್ಲಿಸಿಬಿಟ್ಟರು.

ನನ್ನ ಗುರುಗಳು ರೀಲ್ ಕಾಲದವರು. ಒಂದು ರೋಲಿಗೆ 36 ಫೋಟೋ, ಮದುವೆಗೆ ನಾಲ್ಕೈದು ರೋಲು. ಧಾರೆ ಹೊತ್ತಿಗೆ ಸರಿಯಾಗಿ ರೋಲು ಮುಗಿದುಹೋಗಿ ಬೈಸಿಕೊಂಡದ್ದೂ ಉಂಟಂತೆ. ಆದರೂ ಅವರು ಶಾಸ್ತ್ರ ನಿಲ್ಲಿಸಿದವರಲ್ಲ. ಮದುವೆ ನಮಗೋಸ್ಕರ ನಡೀತಿಲ್ಲ ಅನ್ನುವುದು ಅವರಿಗೆ ಹೇಳಿಕೊಡದೆ ಗೊತ್ತಿತ್ತು.

ಎರಡು ಮೂರು ಮಂತ್ರಮಾಂಗಲ್ಯಕ್ಕೂ ಹೋಗಿದ್ದೇನೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಗೆ ಮಾಡಿಸಿದ್ದು ಅದೇ ರೀತಿಯ ಮದುವೆ. ವಾಲಗ ಇಲ್ಲ, ಸ್ಟೇಜ್ ಲೈಟಿಲ್ಲ, ಓದುತ್ತಾರೆ, ಒಪ್ಪುತ್ತಾರೆ, ಮುಗಿಯಿತು. ನಿರ್ದೇಶನ ಮಾಡಲು ಜಾಗವೇ ಇರುವುದಿಲ್ಲ. ಸಾಗರದ ಕಡೆ ದೀವರ ಮನೆಯ ಮದುವೆಯೊಂದರಲ್ಲಿ ಅಜ್ಜಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆದಿದ್ದರು, ಪುಂಡಿ ನಾರಿನ ಕುಂಚದಲ್ಲಿ, ಒಂದು ಗೆರೆ ಸೊಟ್ಟ ಇಲ್ಲ. ಡೆಕೋರೇಶನ್ ಹುಡುಗ ಬಂದು ಅದರ ಮುಂದೆ ಪ್ಲಾಸ್ಟಿಕ್ ಹೂವಿನ ಪರದೆ ಕಟ್ಟಿದ, ಫೋಟೋ ಚೆನ್ನಾಗಿ ಬರತ್ತೆ ಅಂತ. ಫೋಟೋದವನು ನಾನು, ಬಿಚ್ಚಯ್ಯ ಅಂದೆ. ಜಗಳವೇ ಆಯಿತು.

ಈಗ ಬುಕಿಂಗ್ ತಗೊಳ್ಳುವಾಗಲೇ ಹೇಳಿಬಿಡುತ್ತೇನೆ. ಪ್ರೀ ವೆಡ್ಡಿಂಗ್ ದಿನ ನಾನು ಹೇಳಿದ ಹಾಗೆ ನೀವು ಕೇಳಿ. ಧಾರೆ ಹೊತ್ತಿಗೆ ನಾನು ಬಾಯಿ ಬಿಡಲ್ಲ. ಸಿಕ್ಕಿದರೆ ಸಿಕ್ಕಿತು. ಇದನ್ನು ಕೇಳಿ ಬೇರೆ ಕಡೆ ಹೋದವರಿದ್ದಾರೆ. ಹೋಗಲಿ.

ಹೋದ ಮೇ ತಿಂಗಳಲ್ಲಿ ಒಂದು ಮದುವೆ. ಸರಿಯಾಗಿ ಎರಡನೇ ಗಂಟಿಗೆ ಮದುಮಗನ ಅತ್ತೆ ಒಬ್ಬರು ಅಡ್ಡ ಬಂದು ಮೊಬೈಲ್ ಎತ್ತಿ ಹಿಡಿದರು. ನನ್ನ ಫ್ರೇಮಿನಲ್ಲಿ ಅವರ ಬಳೆ ತುಂಬಿದ ಕೈ, ಮೊಬೈಲು, ಆ ಮೊಬೈಲಿನ ಪುಟ್ಟ ಪರದೆಯ ಮೇಲೆ ಬೆರಳುದ್ದದ ಮದುಮಗ ತಾಳಿ ಕಟ್ಟುತ್ತಿದ್ದಾನೆ. ಹಿಂದೆ ನಿಜವಾದವರು ಮಸುಕು.

“ಫೋಟೋದವ್ರೇ, ಬಂತಾ? ಇಲ್ಲಾಂದ್ರೆ ಇನ್ನೊಂದ್ಸಲ ಹಿಡಿಸೋಣ” ಅಂತ ಸೋದರಮಾವ ಕೂಗಿದರು.

“ಬಂತು ಸಾರ್” ಅಂದೆ.

ಅದನ್ನೇ ದೊಡ್ಡದಾಗಿ ಆಲ್ಬಂಗೆ ಹಾಕಿದೆ. ಮದುಮಗಳಿಗೆ ಇಷ್ಟ ಆಯಿತು. ಅತ್ತೆ ಮಾತ್ರ ಸ್ಟುಡಿಯೋವರೆಗೂ ಬಂದರು, ಕನ್ನಡಕ ಏರಿಸಿ ಆ ಪುಟವನ್ನು ಹತ್ತಿರ ಹಿಡಿದು ನೋಡಿ ಕೇಳಿದರು, “ಅಲ್ಲ ಮಾರಾಯ, ಇಷ್ಟು ದೊಡ್ಡ ಫೋಟೋದಲ್ಲಿ ನನ್ನ ಮುಖ ಯಾಕೆ ಬಂದಿಲ್ಲ?”