ನಿನ್ನೆ ಓಡ್ತಿತ್ತು ಸಾರ್

ಮೈಸೂರು, ಮಂಡ್ಯದ ಕಡೆ ಸಿ ಪ್ರೋಗ್ರಾಮಿಂಗ್ ಲ್ಯಾಬ್ ಪರೀಕ್ಷೆಯ ದಿನ ‘ಪ್ರೋಗ್ರಾಂ ನಿನ್ನೆ ಓಡ್ತಿತ್ತು ಸಾರ್’ ಅನ್ನೋ ಮಾತು ಕೇಳದೆ ಸಂಜೆಯಾಗುವುದಿಲ್ಲ. ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ನಂಬುವುದಿಲ್ಲ. ಆದರೆ ಹುಡುಗ ಹೇಳ್ತಿರೋದು ನಿಜ.

ಬರೆದದ್ದು ಎರಡೇ ಸಾಲು: ‘ಇಂಟ್ *ಪಿ;’ ಆಮೇಲೆ ‘*ಪಿ = 5;’. ಪಾಯಿಂಟರ್ ಅಂದರೆ ವಿಳಾಸ ಬರೆದಿಡುವ ಚೀಟಿ. ಚೀಟಿ ತಂದಿದ್ದಾಯ್ತು, ವಿಳಾಸ ಬರೆಯಲೇ ಇಲ್ಲ. ಹೊಸ ಚೀಟಿ ಖಾಲಿ ಇರುತ್ತೆ ಅಂದುಕೊಂಡರೆ ಕೆಟ್ಟಿರಿ. ಫಂಕ್ಷನ್ ಒಳಗೆ ಹುಟ್ಟಿದ ಪಿ-ಗೆ ಸಿಗುವುದು ಸ್ಟ್ಯಾಕಿನಲ್ಲಿ (ಫಂಕ್ಷನ್‌ಗಳು ಸರದಿಯಲ್ಲಿ ಬಳಸುವ ಮೆಮೊರಿಯಲ್ಲಿ) ಯಾರೋ ಬಳಸಿ ಬಿಟ್ಟ ಜಾಗ. ಅವರ ಗೀಚು ಹಾಗೇ ಉಳಿದಿರುತ್ತೆ. ಪ್ರೋಗ್ರಾಂ ಆ ಗೀಚನ್ನೇ ‘ಸರಸ್ವತಿಪುರಂ, 5ನೇ ಮೇನ್’ ಅಂತ ಓದಿಕೊಂಡು, ಯಾರದೋ ಮನೆಗೆ ನುಗ್ಗಿ 5 ಇಟ್ಟು ಬರುತ್ತೆ. ಆ ಮನೆ ನಮ್ಮದೇ ಮೆಮೊರಿಯೊಳಗೆ ಬಿದ್ದರೆ ಗಲಾಟೆಯಿಲ್ಲ. ಅದು ನಿನ್ನೆ. ಇವತ್ತು ಮೇಲೊಂದು ಪ್ರಿಂಟ್‌ಎಫ್ (ತೆರೆಯ ಮೇಲೆ ಬರೆಸುವ ಸಾಲು) ಸೇರಿಸಿದ್ದಕ್ಕೆ ಗೀಚು ಬದಲಾಯ್ತು, ಚೀಟಿ ನೇರ ಅರಮನೆ ಗೇಟಿಗೇ ಕರಕೊಂಡು ಹೋಯ್ತು, ಆಪರೇಟಿಂಗ್ ಸಿಸ್ಟಂ ಕತ್ತು ಹಿಡಿದು ಆಚೆಗೆ ದಬ್ಬಿತು: ‘ಸೆಗ್ಮೆಂಟೇಶನ್ ಫಾಲ್ಟ್’. ಟರ್ಬೊ ಸಿ ಅನ್ನೋ ಹಳೇ ಕಂಪೈಲರ್ ಓಡುವ ಡಾಸ್ ಆಪರೇಟಿಂಗ್ ಸಿಸ್ಟಂನಲ್ಲಂತೂ ಗೇಟಿಗೆ ಕಾವಲೇ ಇಲ್ಲ. ಅಲ್ಲಿ ಏನು ಬೇಕಾದರೂ ಕೆಡಬಹುದು, ಸದ್ದಿಲ್ಲದೆ.

ಕೀಬೋರ್ಡಿನಿಂದ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ & ಮರೆತರೂ ಇದೇ ಪಾಡು. ‘&ಎನ್’ ಅಂದರೆ ಎನ್ ಇರುವ ಮನೆಯ ವಿಳಾಸ; ಬರೀ ‘ಎನ್’ ಅಂದರೆ ಮನೆಯೊಳಗಿನ ಸಾಮಾನು. ಒಳಗೆ 0 ಇದ್ದರೆ ಸ್ಕ್ಯಾನ್‌ಎಫ್ 0ನೇ ನಂಬರಿನ ಮನೆ ಹುಡುಕಿಕೊಂಡು ಹೊರಡುತ್ತೆ, ಅಲ್ಲೇ ಬೀಳುತ್ತೆ. ಹೆಸರು ಓದಿಸುವ ಕ್ಯಾರೆಕ್ಟರ್ ಅರೇಗೆ (ಅಕ್ಷರಗಳ ಮನೆಸಾಲಿಗೆ) ಮಾತ್ರ & ಬೇಡ, ಅರೇ ಹೆಸರೇ ಅದರ ಮೊದಲ ಮನೆಯ ವಿಳಾಸವಾಗಿ ನಿಲ್ಲುತ್ತೆ. ಈ ಒಂದು ರಿಯಾಯಿತಿ ನೋಡಿಯೇ ಹುಡುಗರು ಎಲ್ಲ ಕಡೆ & ಬಿಡೋದು.

ಇನ್ನು ನಕ್ಷತ್ರ, ಅಂದರೆ ಆ ‘*’. ‘ಇಂಟ್* ಪಿ, ಕ್ಯೂ;’ ಅಂತ ಬರೆದರೆ ಪಿ ಪಾಯಿಂಟರ್, ಕ್ಯೂ ಬರೀ ಇಂಟ್. ಅರ್ಚನೆಗೆ ಹೇಳುವ ಹಾಗೇ ನೆನಪಿಟ್ಟುಕೊಳ್ಳಿ: ಇಂಟ್ ಅನ್ನೋದು ಗೋತ್ರ, ಸಾಲಿನವರಿಗೆಲ್ಲ ಒಂದೇ, ನಕ್ಷತ್ರ ಅವರವರದು.

ವಿಳಾಸ ಇನ್ನೂ ಗೊತ್ತಿಲ್ಲದಿದ್ದರೆ ಚೀಟಿಗೆ ‘ನಲ್’ (ಯಾರ ಮನೆಯದೂ ಅಲ್ಲದ ವಿಳಾಸ) ಹಾಕಿಡಿ. ಲಿನಕ್ಸ್‌ನಲ್ಲಾದರೆ ಮೊದಲ ಸಲ ಮುಟ್ಟಿದಾಗಲೇ ಬೀಳುತ್ತೆ, ಪರೀಕ್ಷೆವರೆಗೆ ಕಾಯಿಸಲ್ಲ. ಜಿಸಿಸಿ ಕಂಪೈಲರ್‌ಗೆ ಎಚ್ಚರಿಕೆ ತೋರಿಸು ಅನ್ನೋ ‘-ವಾಲ್’ ಕೊಟ್ಟರೆ ವಿಳಾಸ ಬರೆಯದ ಚೀಟಿಯನ್ನೂ ಮರೆತ &ಯನ್ನೂ ಸಾಲಿನ ನಂಬರ್ ಸಮೇತ ಎತ್ತಿ ತೋರಿಸುತ್ತೆ. ‘ವಾರ್ನಿಂಗ್ ತಾನೆ, ಎರರ್ ಅಲ್ವಲ್ಲ’ ಅಂದುಕೊಂಡೇ ಹುಡುಗ ಎಕ್ಸ್‌ಟರ್ನಲ್‌ನ ಕರೆದಿರುತ್ತಾನೆ.