ಮೆರವಣಿಗೆಯಂತೆ ಸಾಗಿದ ಡರ್ಬಿ: ಕೊನೆಯ 600 ಮೀಟರ್ ನಂಬಬಹುದೇ?

ಪರ

ಜಪಾನಿನ ದೊಡ್ಡ ಕುದುರೆ ಓಟ, 2017ರ ಡರ್ಬಿ. ಟೋಕಿಯೊದಲ್ಲಿ 2400 ಮೀಟರ್ ಓಟ. ಮುಂದಿದ್ದ ಕುದುರೆ ಮೊದಲ 1000 ಮೀಟರಿಗೇ 63.2 ಸೆಕೆಂಡ್ ತೆಗೆದುಕೊಂಡಿತು. ಡರ್ಬಿ ಅಲ್ಲ, ಮೆರವಣಿಗೆ! ಗೆದ್ದ ರೇ ಡಿ ಓರೊ ಗುರಿ ಮುಟ್ಟಿದ್ದು 2 ನಿಮಿಷ 26.9 ಸೆಕೆಂಡಿಗೆ. ಒಂದು ತಿಂಗಳ ಹಿಂದೆ ಅಲ್ಲೇ, ಅಷ್ಟೇ ದೂರವನ್ನು ಅಡ್ಮೈರಬಲ್ ಎಂಬ ಕುದುರೆ 2 ನಿಮಿಷ 23.6ಕ್ಕೆ ಓಡಿ ಗೆದ್ದಿತ್ತು. ಅಂತರ 3.3 ಸೆಕೆಂಡ್. ಕುದುರೆಯ ಉದ್ದದಲ್ಲಿ ಅಳೆದರೆ ಇಪ್ಪತ್ತಕ್ಕೂ ಜಾಸ್ತಿ. ಒಟ್ಟು ಟೈಮ್ ಮಾತ್ರ ನೋಡುವವರು ಡರ್ಬಿ ಗೆದ್ದ ಕುದುರೆ ಸುಮಾರಿನದು ಅಂದುಬಿಡುತ್ತಾರೆ.

ಸೆಕ್ಷನಲ್ ಟೈಮ್, ಅಂದರೆ ಓಟದ ಒಂದೊಂದು ತುಂಡಿಗೆ ಹಿಡಿದ ಟೈಮ್, ಬೇಕಾಗುವುದು ಇಲ್ಲೇ. ರೇ ಡಿ ಓರೊ ಕೊನೆಯ 600 ಮೀಟರಿಗೆ ತೆಗೆದುಕೊಂಡದ್ದು 33.8 ಸೆಕೆಂಡ್. ಇಡೀ ಓಟದ ಸರಾಸರಿಯಲ್ಲಿ 600 ಮೀಟರಿಗೆ ಬೀಳುವುದು 36.7. ಅಂದರೆ ಕೊನೆಯಲ್ಲಿ ವೇಗ ಸುಮಾರು ಶೇ 9ರಷ್ಟು ಏರಿತ್ತು. ತಾಕತ್ತು ಇತ್ತು, ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ ಅಷ್ಟೆ. ಮರುವರ್ಷ ಶರತ್ಕಾಲದ ತೆನ್ನೊ ಶೋ ಎಂಬ ಇನ್ನೊಂದು ದೊಡ್ಡ ಓಟದಲ್ಲಿ 2000 ಮೀಟರನ್ನು 1 ನಿಮಿಷ 56.8ಕ್ಕೆ ಮುಗಿಸಿ ಗೆದ್ದಿತು. ಅಲ್ಲಿ ಕೇಳಿದ್ದರು, ಕೊಟ್ಟಿತು.

ವಿರೋಧ

ಲೆಕ್ಕ ಸರಿಯೇ. ಆದರೆ ಅದನ್ನು ಮೂರನೇ ಸ್ಥಾನಕ್ಕೆ ಬಂದ ಕುದುರೆಗೂ ಹಾಕಬೇಕಲ್ವಾ? ಅದು ಬೇರೆ ಯಾವುದೂ ಅಲ್ಲ, ಅಡ್ಮೈರಬಲ್. ಅದರ ಕೊನೆಯ 600 ಮೀಟರ್ 33.3. ಗೆದ್ದ ಕುದುರೆಗಿಂತ ಅರ್ಧ ಸೆಕೆಂಡ್ ಚುರುಕು! ಹಾಗಾದರೆ ಅದೇ ಹೆಚ್ಚು ಒಳ್ಳೆಯ ಕುದುರೆಯೇ?

ನಡೆದದ್ದು ಬೇರೆ. ಓಟದ ವೇಗ ಸತ್ತಿದೆ ಅಂತ ರೇ ಡಿ ಓರೊದ ಜಾಕಿ ಕ್ರಿಸ್ಟೋಫ್ ಲೆಮೇರ್‌ಗೆ ಬೇಗ ಗೊತ್ತಾಯಿತು. ಪ್ರೇಕ್ಷಕರ ಸ್ಟ್ಯಾಂಡಿಗೆ ಎದುರಿನ ಆಚೆ ಬದಿಯಲ್ಲೇ, ಹಿಂದಿದ್ದ ಕುದುರೆಯನ್ನು ಮುಂದಕ್ಕೆ, ಎರಡನೇ ಸ್ಥಾನಕ್ಕೆ ತಂದ. ಅದಕ್ಕೆ ಖರ್ಚಾದ ದಮ್ಮು ಕೊನೆಯ 600 ಮೀಟರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಅಡ್ಮೈರಬಲ್ ಹಿಂದೆಯೇ ಉಳಿದು ದಮ್ಮು ಉಳಿಸಿಕೊಂಡಿತ್ತು. ಉಳಿಸಿಕೊಂಡವರು ಕೊನೆಗೆ ಜೋರಾಗಿ ಓಡುವುದರಲ್ಲಿ ಆಶ್ಚರ್ಯವೇನು?

ಇನ್ನೊಂದು ತೊಡಕು. ನಿಧಾನದ ಓಟದಲ್ಲಿ 2400 ಮೀಟರಿನ ಪರೀಕ್ಷೆ 600 ಮೀಟರಿನದಾಗಿಬಿಡುತ್ತದೆ. ಆಗ ಗೊತ್ತಾಗುವುದು ಚುರುಕು, ತಾಳಿಕೆಯಲ್ಲ. ನಾನೂ ಬೆಂಗಳೂರಿನ ಪೇಪರುಗಳ ಟ್ರ್ಯಾಕ್‌ವರ್ಕ್ (ಕುದುರೆಗಳ ಅಭ್ಯಾಸದ ಓಟ) ಕಾಲಂನಲ್ಲಿ '600 ಮೀಟರ್, 38' ಸೆಕೆಂಡ್ ಅಂತ ಓದಿ ಹಿಗ್ಗಿ, ಸಂಜೆ ಜೇಬು ತಡವಿಕೊಂಡವನೇ.

ಜಪಾನಿನಲ್ಲಿ ಪ್ರತಿ ಕುದುರೆಗೂ ಅಧಿಕೃತವಾಗಿ ಕೊಡುವುದು ಕೊನೆಯ 600 ಮೀಟರಿನ ಟೈಮ್. 200 ಮೀಟರಿಗೊಮ್ಮೆ ಬರೆಯುವ ಟೈಮ್ ಆ ಹೊತ್ತಿಗೆ ಮುಂದಿರುವ ಕುದುರೆಯದು. ಲೆಮೇರ್ ಡರ್ಬಿ ಗೆದ್ದದ್ದು ಆಚೆ ಬದಿಯಲ್ಲಿ. ಅಲ್ಲಿ ಅವನ ಕುದುರೆಗೆ ಎಷ್ಟು ಸೆಕೆಂಡ್ ಹಿಡಿಯಿತು ಅನ್ನುವುದು ಆ ಫಲಿತಾಂಶದ ಹಾಳೆಯಲ್ಲಿ ಇಲ್ಲ.