ಸಮಿತಿ ಮುಗಿಸುವ ತನಕ ಕಾಯಬೇಕಾ?

ಕಂಪ್ಯೂಟರ್, ಫೋನುಗಳು ಒಂದಕ್ಕೊಂದು ಮಾತಾಡುವ ನಿಯಮಕ್ಕೆ, ಅಂದರೆ ಸ್ಟ್ಯಾಂಡರ್ಡ್‌ಗೇ, ದೋಷ ಇದ್ದರೆ ಅದನ್ನು ಬರೆದ ಸಮಿತಿಯೇ ಸರಿಮಾಡಲಿ, ಆಪರೇಟಿಂಗ್ ಸಿಸ್ಟಂ ಮಾಡುವವರು ಕೈಹಾಕಬಾರದು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ನಾನು ಒಪ್ಪುವುದಿಲ್ಲ.

2017ರ ಕ್ರ್ಯಾಕ್ ದೋಷವನ್ನೇ ನೋಡಿ. ವೈಫೈ ಮಾತುಕತೆಯನ್ನು ಗುಟ್ಟಾಗಿಡುವ ಡಬ್ಲ್ಯೂಪಿಎ2 ಸ್ಟ್ಯಾಂಡರ್ಡ್‌ನಲ್ಲೇ ಲೋಪ ಇತ್ತು. ಫೋನು ರೂಟರ್‌ಗೆ ಸೇರುವಾಗ ನಾಲ್ಕು ಸಂದೇಶ ಓಡಾಡುತ್ತವೆ. ಮೂರನೆಯದನ್ನು ಯಾರಾದರೂ ಬೇಕಂತಲೇ ಮತ್ತೆ ತಲುಪಿಸಿದರೆ, ಫೋನು ಗುಟ್ಟು ಕಾಯುವ ಅದೇ ಕೀಲಿಯನ್ನು ಮತ್ತೆ ಹಾಕಿಕೊಂಡು ಪ್ಯಾಕೆಟ್ (ಕಳಿಸುವ ಮಾಹಿತಿಯ ತುಣುಕು) ಎಣಿಕೆಯನ್ನು ಮೊದಲಿಂದ ಶುರು ಮಾಡುತ್ತಿತ್ತು. ಅಲ್ಲಿಗೆ ಗುಟ್ಟು ಬಯಲು. ಹಾಕಿದ ಕೀಲಿಯನ್ನು ಇನ್ನೊಮ್ಮೆ ಹಾಕದಂತೆ ಫೋನಿನಲ್ಲೇ ತಿದ್ದಬಹುದಿತ್ತು. ಹಾಗೆ ತಿದ್ದಿದ ಫೋನು ಹಳೇ ರೂಟರ್ ಜೊತೆಗೂ ಸರಿಯಾಗಿ ನಡೆಯುತ್ತಿತ್ತು. ಮೈಕ್ರೋಸಾಫ್ಟ್ ಮತ್ತು ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂನವರು ಸುದ್ದಿ ಹೊರಬೀಳುವ ಮೊದಲೇ ತಿದ್ದಿದ್ದರು. ಅದರಿಂದ ಯಾರಿಗೂ ನಷ್ಟ ಆಗಲಿಲ್ಲ ಅಲ್ವಾ?

ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಆನ್‌ಲೈನ್ ಸೆಂಟರ್‌ಗಳಿಗೆ ಬಂದು ನೋಡಿ. ತೊಗರಿ ವಿಮೆ ತುಂಬಲು ರೈತರು ಆಧಾರ್, ಪಹಣಿ, ಪಾಸ್‌ಬುಕ್ ಹಿಡಿದು ಕೂತಿರುತ್ತಾರೆ. ಗೋಡೆಯ ರೂಟರ್ ಮೇಲೆ ಧೂಳು. ಅದಕ್ಕೆ ಯಾರೂ ಅಪ್‌ಡೇಟ್ ಹಾಕಿರಲ್ಲ. ಸಮಿತಿ ಮುಗಿಸೋ ತನಕ ಕಾಯಿರಿ ಅಂತ ಇವರಿಗೆ ಸುಮ್ನೆ ಅನ್ನೋಕಾಗುತ್ತಾ?

ಬೇರೆ ಸಿಸ್ಟಂ ಜೊತೆ ಮಾತೇ ಆಡದಂತೆ ಪ್ರೋಟೊಕಾಲ್ (ಮಾತಾಡುವ ನಿಯಮ) ಬದಲಿಸಿದರೆ ಮಾತ್ರ ತಪ್ಪು. ಸಮಿತಿಗೆ ಕಾಯದೆ ತಿದ್ದಿದ ಇನ್ನೊಂದು ಉದಾಹರಣೆ ಇದೆ. ಇಂಟರ್ನೆಟ್ ವಿಳಾಸಗಳ ಹೊಸ ಸ್ಟ್ಯಾಂಡರ್ಡ್ ಐಪಿವಿ6ರಲ್ಲಿ, ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗಬೇಕು ಅಂತ ಕಳಿಸುವವರೇ ಬರೆಯುವ ಟೈಪ್ 0 ರೂಟಿಂಗ್ ಹೆಡರ್ ಅಪಾಯಕಾರಿ ಅಂತ 2007ರಲ್ಲಿ ಗೊತ್ತಾದಾಗ ಲಿನಕ್ಸ್, ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನವರು ಮೊದಲು ಅದನ್ನು ಮುಚ್ಚಿದರು. ಅದನ್ನು ಕೈಬಿಡಲು ಹೇಳುವ ಸಮಿತಿಯ ದಾಖಲೆ, ಆರ್‌ಎಫ್‌ಸಿ 5095, ಬಂದದ್ದು ಆ ವರ್ಷದ ಡಿಸೆಂಬರ್‌ನಲ್ಲಿ.